ಮನೆಯ ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರಿದರೆ ಜಿಎಸ್‌ಟಿ ಬೇಕಾ? ಐಟಿ ರಿಟರ್ನ್‌ನಲ್ಲಿ ಎಷ್ಟು ತೋರಿಸಬೇಕು?

ಶಿರಸಿಯ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಹಲಸಿನ ಹಪ್ಪಳ ಮಾಡಿ ಆನ್‌ಲೈನ್‌ನಲ್ಲಿ ಮಾರಬೇಕು, ವರ್ಷಕ್ಕೆ ಐದಾರು ಲಕ್ಷದ ವ್ಯಾಪಾರ ಆಗಬಹುದು ಅಂದಿದ್ದೀರಿ. 40 ಲಕ್ಷದ ಒಳಗಿದ್ದರೆ ಜಿಎಸ್‌ಟಿ ಬೇಡ ಅಂತ ನಿಮ್ಮ ಭಾವ ಹೇಳುತ್ತಾರೆ, ಆನ್‌ಲೈನ್ ಅಂದಮೇಲೆ ಬೇಕೇ ಬೇಕು ಅಂತ ಗೆಳತಿ ಹೇಳುತ್ತಾರೆ. ಇಬ್ಬರ ಮಾತೂ ಅರ್ಧ ಸರಿ.

ನಾನು ಆಡಿಟರ್ ಅಲ್ಲ. ದಾವಣಗೆರೆಯಿಂದ ಕಾಟನ್ ನೈಟಿ ಮಾರುವವಳು. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಪಾರ್ಸೆಲ್ ಎಲ್ಲಿಗೆ ಹೋಗುತ್ತದೆ ನೋಡಿ. ಕರ್ನಾಟಕದ ಒಳಗೇ ಮಾರುವುದಾದರೆ ಭಾವನ ಮಾತು ನಡೆಯುತ್ತದೆ. ಮೊದಲೆಲ್ಲ ಆನ್‌ಲೈನ್ ತಾಣದಲ್ಲಿ ನೂರು ರೂಪಾಯಿ ಸಾಮಾನು ಮಾರಿದರೂ ಜಿಎಸ್‌ಟಿ ನಂಬರ್ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ವಿನಾಯಿತಿ ಬಂತು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು. ಅದು ಜಿಎಸ್‌ಟಿ ನೋಂದಣಿ ಅಲ್ಲ, ತಿಂಗಳ ರಿಟರ್ನ್ ತಲೆನೋವಿಲ್ಲ. ಆದರೆ ಸ್ವಂತ ರಾಜ್ಯ ದಾಟುವ ಹಾಗಿಲ್ಲ.

ರಾಜ್ಯ ದಾಟಿದರೆ ಗೆಳತಿಯೇ ಸರಿ. ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ 40 ಲಕ್ಷದ ಮಿತಿ ಲೆಕ್ಕಕ್ಕೇ ಬರುವುದಿಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಆರ್ಡರ್ ತಗೊಂಡು, ಫೋನ್‌ಪೇಯಲ್ಲಿ ದುಡ್ಡು ಹಾಕಿಸಿಕೊಂಡು, ಪುಣೆಗೆ ಕೊರಿಯರ್ ಮಾಡಿದರೂ ಅಷ್ಟೇ. ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ.

ನಿಮ್ಮ ವಿಷಯದಲ್ಲಿ ಒಂದು ತಮಾಷೆ ಇದೆ. ಹಪ್ಪಳಕ್ಕೆ ಜಿಎಸ್‌ಟಿ ಸೊನ್ನೆ. ಬರೀ ಹಪ್ಪಳ ಮಾರುವವರು ಕಾಶ್ಮೀರಕ್ಕೆ ಕಳಿಸಿದರೂ ನೋಂದಣಿ ಬೇಡ. ಜೊತೆಗೆ ಒಂದು ಬಾಟಲಿ ಉಪ್ಪಿನಕಾಯಿ ಗಡಿಯಾಚೆ ತಮಿಳುನಾಡಿನ ಹೊಸೂರಿಗೆ ಹೋಯಿತೋ, ಬೇಕು! ಉಪ್ಪಿನಕಾಯಿಗೆ ಮೊದಲು 12% ಇತ್ತು, 2025ರ ಸೆಪ್ಟೆಂಬರ್ 22ರಿಂದ 5%. ಇನ್ನೊಂದು, 40 ಲಕ್ಷ ಎಣಿಸುವಾಗ ಹಪ್ಪಳದ ದುಡ್ಡೂ ಸೇರುತ್ತದೆ. ತೆರಿಗೆ ಇಲ್ಲದ್ದನ್ನು ವಹಿವಾಟಿನಲ್ಲಿ ಯಾಕೆ ಸೇರಿಸಬೇಕು ಅಂತ ಅನ್ನಿಸುತ್ತದೆ, ಆದರೆ ಕಾನೂನು ಹಾಗೇ ಇದೆ. 2025ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳವರಿಗೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂದಾಗ ಹಾಲು, ತರಕಾರಿ ಮಾರುವವರು ಕಂಗಾಲಾದದ್ದು ನೆನಪಿದೆ ಅಲ್ವಾ? ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ದರು.

ಈಗ ಐಟಿಗೆ, ಅಂದರೆ ಆದಾಯ ತೆರಿಗೆಗೆ ಬರೋಣ. ನಾನು ಎಡವಿದ್ದು ಇಲ್ಲೇ.

2021-22ರಲ್ಲಿ ನನ್ನ ಬ್ಯಾಂಕ್ ಖಾತೆಗೆ ಒಂದು ಮಾರಾಟ ತಾಣದಿಂದ ಬಂದದ್ದು 9 ಲಕ್ಷ 40 ಸಾವಿರ. ಪಾಸ್‌ಬುಕ್ ನೋಡಿ ಅದನ್ನೇ ವಹಿವಾಟು ಅಂತ ತೋರಿಸಿದೆ. ತಾಣದವರು ಟಿಡಿಎಸ್ ಅಂತ, ಅಂದರೆ ಆದಾಯ ತೆರಿಗೆಗೆ ಮುಂಚೆಯೇ ಹಿಡಿದಿದ್ದ 13,600 ರೂಪಾಯಿ ವಾಪಸ್ ಬೇಕು ಅಂತಲೂ ಹಾಕಿದೆ. ಸ್ವಲ್ಪ ದಿನಕ್ಕೆ ಇಮೇಲ್ ಬಂತು: ನಿಮ್ಮ ರಿಟರ್ನ್ ದೋಷಪೂರಿತ, 15 ದಿನದಲ್ಲಿ ಸರಿಪಡಿಸಿ. ನಮ್ಮ ಪ್ಯಾನ್ ಮೇಲೆ ಹಿಡಿದ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಿದರೆ ಅಲ್ಲಿ ನನ್ನ ಮಾರಾಟ 13 ಲಕ್ಷ 60 ಸಾವಿರ! ಗಿರಾಕಿ ಕೊಟ್ಟ ಪೂರ್ತಿ ಬೆಲೆ ಅದು. ನನ್ನ ಕೈಗೆ ಬಂದದ್ದು ಕಮಿಷನ್, ಸಾಗಣೆ ಖರ್ಚು, ಜಾಹೀರಾತು, ವಾಪಸ್ ಬಂದ ಮಾಲು ಎಲ್ಲ ಕಳೆದು ಉಳಿದದ್ದು. ಎರಡು ರಾತ್ರಿ ಎಕ್ಸೆಲ್ ಮುಂದೆ ಕೂತು ತಾಳೆ ಮಾಡಿದೆ. ಕೊನೆಗೆ ತೆರಿಗೆ ಒಂದು ರೂಪಾಯಿಯೂ ಬೀಳಲಿಲ್ಲ, ರಿಫಂಡೂ ಬಂತು. ನಿದ್ದೆ ಮಾತ್ರ ಹೋಗಿತ್ತು.

ನಿಮ್ಮದೇ ಬಾಟಲಿಯಲ್ಲಿ ನೋಡಿ. ಜಿಎಸ್‌ಟಿ ನೋಂದಣಿ ಮಾಡಿಸಿ, ತೆರಿಗೆ ಸೇರಿ 525 ರೂಪಾಯಿಗೆ ಮಾರಿದಿರಿ ಅಂತಿಟ್ಟುಕೊಳ್ಳಿ. 500 ನಿಮ್ಮ ಮಾರಾಟ, 25 ಜಿಎಸ್‌ಟಿ. ತಾಣದವರು 500ರ ಮೇಲೆ ಅರ್ಧ ಪರ್ಸೆಂಟ್, ಅಂದರೆ ಎರಡೂವರೆ ರೂಪಾಯಿ, ಟಿಸಿಎಸ್ ಹಿಡಿದು ಜಿಎಸ್‌ಟಿ ಇಲಾಖೆಗೆ ಕಟ್ಟುತ್ತಾರೆ. ಐಟಿಗೆ ಟಿಡಿಎಸ್ ಅಂತ ಇನ್ನೊಂದು ಐವತ್ತು ಪೈಸೆ. ಇದು ಮೊದಲು 1% ಇತ್ತು, 2024ರ ಅಕ್ಟೋಬರ್‌ನಿಂದ 0.1%. ಪ್ಯಾನ್ ಕೊಟ್ಟಿದ್ದು ಆ ತಾಣದಲ್ಲಿ ವರ್ಷದ ಮಾರಾಟ 5 ಲಕ್ಷ ದಾಟದಿದ್ದರೆ ಅದನ್ನೂ ಹಿಡಿಯುವುದಿಲ್ಲ. ಪ್ಯಾನ್ ಕೊಡದಿದ್ದರೆ 5% ಹೋಗುತ್ತದೆ. ಆಮೇಲೆ ಕಮಿಷನ್, ಸಾಗಣೆ. ಕೈಗೆ 390 ಬಂತು ಅನ್ನಿ. ರಿಟರ್ನ್‌ನಲ್ಲಿ ಬರೆಯಬೇಕಾದದ್ದು 500, 390 ಅಲ್ಲ.

500 ತೋರಿಸಿದರೆ ತೆರಿಗೆ ಜಾಸ್ತಿ ಆಗುತ್ತದೆ ಅಂತ ಹೆದರಬೇಡಿ. ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ದಾರಿ ಇದೆ. ಬ್ಯಾಂಕ್ ಮೂಲಕ ಬಂದ ವಹಿವಾಟಿನ ಮೇಲೆ ಕಡಿಮೆಯೆಂದರೆ 6% ಲಾಭ ತೋರಿಸಬೇಕು, ನಗದಿನದಾದರೆ 8%. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು. ಮನೆ ತಿಂಡಿಯಲ್ಲಿ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ, ಸುಮ್ನೆ 6% ಅಂತ ಬರೆದು ಕೂರಬೇಡಿ. ನಿಮ್ಮ ಐದಾರು ಲಕ್ಷದ ವ್ಯಾಪಾರದಲ್ಲಿ ಎಷ್ಟೇ ಲಾಭ ಬಂದರೂ, ಬೇರೆ ಆದಾಯ ಇಲ್ಲದಿದ್ದರೆ, ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ.

ನನ್ನನ್ನು ಕೇಳಿದರೆ, ಮೊದಲ ಆರು ತಿಂಗಳು ಎನ್‌ರೋಲ್‌ಮೆಂಟ್ ನಂಬರ್‌ನಲ್ಲೇ ಕರ್ನಾಟಕದೊಳಗೆ ಮಾರಿ ನೋಡಿ. ಜಿಎಸ್‌ಟಿ ನೋಂದಣಿ ಮಾಡಿಸಿದಿರೋ, ಒಂದು ಬಾಟಲಿಯೂ ಮಾರದಿದ್ದರೂ ವ್ಯಾಪಾರ ಸೊನ್ನೆ ಅಂತ ನಿಲ್ ರಿಟರ್ನ್ ಹಾಕಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿ. ನಮ್ಮ ಬೀದಿಯಲ್ಲೇ ಒಬ್ಬರು ಅಂಗಡಿ ಮುಚ್ಚಿ ನೋಂದಣಿ ರದ್ದು ಮಾಡಿಸಲು ಮರೆತು ಸಾವಿರಗಟ್ಟಲೆ ಕಟ್ಟಿದರು.

ಹೊರ ರಾಜ್ಯದ ಗಿರಾಕಿಗಳು ಕೇಳುತ್ತಿದ್ದಾರೆ ಅಂದರೆ ಮಾತ್ರ ನೋಂದಣಿಗೆ ಹೋಗಿ. ಸರ್ಕಾರಕ್ಕೆ ಶುಲ್ಕ ಕಟ್ಟುವುದೇನಿಲ್ಲ, ಮಾಡಿಕೊಡುವವರು ಕೇಳುವುದು ಅವರ ಕೂಲಿ. ಮನೆ ಅತ್ತೆಯವರ ಹೆಸರಿನಲ್ಲಿದ್ದರೆ ಕರೆಂಟ್ ಬಿಲ್ ಜೊತೆ ಅವರ ಒಪ್ಪಿಗೆ ಪತ್ರವೂ ಬೇಕು. ಅದನ್ನು ಈಗಲೇ ಬರೆಸಿಟ್ಟುಕೊಳ್ಳಿ.