ಗುಲ್ಮಾರ್ಗ್‌ನಲ್ಲಿ ಹಿಮ ಇದೆಯಾ ಅಂತ ಶಿವಮೊಗ್ಗದಿಂದಲೇ ನೋಡುವುದು

ಕಾಶ್ಮೀರದ ಸ್ಕೀ ತಾಣ ಗುಲ್ಮಾರ್ಗ್‌ಗೆ ಹಿಮ ನೋಡಲು ಹೊರಟಿದ್ದೀರಾ? ನಿಮ್ಮ ಫೋನ್ ಅಲ್ಲಿಗೆ 9 ಡಿಗ್ರಿ ತೋರಿಸುತ್ತಿದ್ದರೆ ಅದು ಬಹುಶಃ ಶ್ರೀನಗರದ ಲೆಕ್ಕ. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ್ 2,650. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ಇಳಿಯುತ್ತದೆ. ಶಿವಮೊಗ್ಗದ ಬಿಸಿಲು ನೋಡಿ ಕೊಡೆ ಇಲ್ಲದೆ ಆಗುಂಬೆಗೆ ಹೋದ ಹಾಗಾಗುತ್ತದೆ, ಅಲ್ವಾ.

ಮೊದಲು ಸ್ನೋ-ಫೋರ್‌ಕಾಸ್ಟ್ ಸೈಟ್‌ನಲ್ಲಿ ಗುಲ್ಮಾರ್ಗ್ ತೆಗೆದು ಬೆಟ್ಟದ ಬುಡ, ನಡು, ತುದಿ ಮೂರನ್ನೂ ಬೇರೆಬೇರೆ ನೋಡಿ. ಆಮೇಲೆ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ವರದಿ. ಅದರಲ್ಲಿ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಬರುತ್ತಿದೆಯಾ ನೋಡಿ. ಪಶ್ಚಿಮದಿಂದ ಮೋಡ ಹೊತ್ತು ಬರುವ ಹವಾಮಾನ ವ್ಯವಸ್ಥೆ ಅದು, ಅಲ್ಲಿ ಹಿಮ ಸುರಿಸುವುದು ಮುಖ್ಯವಾಗಿ ಅದೇ. ಐದಾರು ದಿನಕ್ಕಿಂತ ಮುಂದಿನದ್ದನ್ನು ಜಾಸ್ತಿ ನಂಬಬೇಡಿ. ಜನವರಿ ಕೊನೆಗೆ ಎಷ್ಟು ಹಿಮ ಇರುತ್ತದೆ ಅಂತ ವಾರಗಳ ಮುಂಚೆಯೇ ಯಾರೂ ಹೇಳಲಾರರು. 2024ರ ಜನವರಿ ಬಹುಪಾಲು ಒಣಗಿಯೇ ಹೋಗಿತ್ತು.

ಹೊರಡುವ ಎರಡು ದಿನ ಮುಂಚೆ ಹೋಟೆಲಿಗೆ ಫೋನ್ ಮಾಡಿ. ಸುಮ್ನೆ ‘ಹಿಮ ಇದೆಯಾ’ ಅಂದರೆ ಇದೆ ಅಂತಲೇ ಹೇಳುತ್ತಾರೆ, ಅವರಿಗೂ ವ್ಯಾಪಾರ ಬೇಕಲ್ಲ. ಮೈದಾನದಲ್ಲಿ ಪಾದ ಮುಳುಗುತ್ತಾ, ಮೊಣಕಾಲಾ ಅಂತ ಕೇಳಿ. ಅವತ್ತೇ ತೆಗೆದ ಫೋಟೋ ಕಳಿಸಲು ಹೇಳಿ. ಹುಲ್ಲಿನ ತುದಿ ಹೊರಗೆ ಕಾಣುತ್ತಿದ್ದರೆ ಕೆಳಗೆ ಸ್ಕೀ ಕಲಿಯಲು ಸಾಲದು.

ಗಾಳಿಯನ್ನೂ ನೋಡಿ. ಜೋರಾದರೆ ಅಫರ್ವಟ್ ಶಿಖರದ ಕಡೆ ಹೋಗುವ ಗೊಂಡೊಲಾದ (ಕೇಬಲ್ ಕಾರ್) ಎರಡನೇ ಹಂತ ನಿಲ್ಲಿಸುತ್ತಾರೆ. ಹಿಮ ಬಿದ್ದ ದಿನ ಕೆಳಗಿನ ಊರು ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಚೈನ್ ಹಾಕಿದ ಗಾಡಿ ಬೇಕು. ಬಾಡಿಗೆ ಅಲ್ಲೇ ಮಾತಾಡಿಕೊಳ್ಳಿ.