ಮಂಡಿ ನೋವು ಅಂತ ಓಟ ಬಿಡ್ಬೇಡಿ, ಹೆಜ್ಜೆ ಚಿಕ್ಕದು ಮಾಡಿ

ಮಂಡಿ ನೋವು, ಮಾತ್ರೆ ನುಂಗಿ ಓಡ್ತಿದೀನಿ, ಓಟ ಬಿಡ್ಬೇಕಾ ಅಂತ ನಮ್ಮ ಓಟದ ಗುಂಪಲ್ಲಿ ಕೇಳಿದೀರಿ. ಮೊದಲು ಓಡೋಕ್ಮುಂಚೆ ನೋವಿನ ಮಾತ್ರೆ ನುಂಗೋದು ನಿಲ್ಲಿಸಿ ಸರ್. ಉಳಿದಿದ್ದೆಲ್ಲ ಆಮೇಲೆ. ಬೆವರು ಸುರಿದು ಮೈಯಲ್ಲಿ ನೀರು ಕಮ್ಮಿ ಇರೋವಾಗ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಗೊಂಡ್ರೆ ಕಿಡ್ನಿಗೆ ಹೊಡೆತ. ಅದೂ ಅಲ್ದೆ ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳೋದು ಆ ನೋವೇ. ಅದರ ಬಾಯಿ ಮುಚ್ಚಿಸಿ ಓಡಿದ್ರೆ ಹೇಗೆ?

ವಾರದಲ್ಲಿ 6 ಕಿಮೀ ಮೇಲೆ ಓಡದವರು ಭಾನುವಾರ ನಂದಿಬೆಟ್ಟ ಹತ್ತಿ ಇಳಿದು 16 ಕಿಮೀ ಮಾಡಿದೀರಿ. ಈಗ ಮಂಡಿಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ, ತುಂಬಾ ಹೊತ್ತು ಕೂತು ಎದ್ದಾಗ ಜಾಸ್ತಿ ಅಂತೀರಿ. ಇಳಿಜಾರಲ್ಲಿ ದೂರದೂರಕ್ಕೆ ಕಾಲು ಹಾಕಿ ನಾನೂ ಇದೇ ನೋವು ತಂದ್ಕೊಂಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಇದು ರನ್ನರ್ಸ್ ನೀ, ಅಂದ್ರೆ ಓಡೋರಿಗೆ ಮಂಡಿಚಿಪ್ಪಿನ ಸುತ್ತ ಬರೋ ನೋವಿನ ಥರಾನೇ ಕಾಣ್ತಿದೆ. ನಿಮ್ಮ ಮಾವ ಹೇಳಿದ ಹಾಗೆ "ಮಂಡಿ ಸವೆದಿದೆ" ಅಂತ ಈಗಲೇ ತೀರ್ಮಾನ ಮಾಡ್ಬೇಡಿ.

ಮಂಡಿ ಏನು ಬೈಕಿನ ಟೈರಾ, ಓಡಿದಷ್ಟೂ ಸವೆಯೋಕೆ? ಕಾರ್ಟಿಲೇಜಿಗೆ (ಕೀಲಲ್ಲಿ ಮೂಳೆ ತುದಿ ಮೇಲಿರೋ ನುಣುಪು ಪದರ) ರಕ್ತನಾಳ ಇಲ್ಲ. ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ, ಆ ದ್ರವ ಒಳಗೆ ಹೊರಗೆ ಆಡ್ಬೇಕಾದ್ರೆ ಭಾರ ಬೀಳ್ತಾ ಬಿಡ್ತಾ ಇರ್ಬೇಕು. 2017ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಸೊಂಟ, ಮಂಡಿ ಕೀಲುಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೇ ಇರೋರಲ್ಲಿ ಶೇ. 10.2, ಸ್ಪರ್ಧೆಗೇ ಅಂತ ಓಡೋರಲ್ಲಿ ಶೇ. 13.3 ಇತ್ತು. ಹಾಗಂತ ಓಟವೇ ಮಂಡಿ ಕಾಪಾಡುತ್ತೆ ಅನ್ನೋಕಾಗಲ್ಲ, ಮಂಡಿ ಕೆಟ್ಟೋರು ಮೊದಲೇ ಓಟ ಬಿಟ್ಟಿರ್ತಾರೆ. ಹಳೇ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿರೋ ಪಟ್ಟಿ) ಏಟು, ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಆಪರೇಷನ್ ಆಗಿರೋರ ಲೆಕ್ಕವೂ ಬೇರೆ. ಆದ್ರೆ ನಮ್ಮಂಥ ಭಾನುವಾರದ ಓಟಗಾರರನ್ನ ಹೆದರಿಸೋ ಅಂಕಿ ಇದಲ್ಲ.

ಈಗ ಮಾಡ್ಬೇಕಾದ್ದು. ನಿಮ್ಮ ಮಾಮೂಲಿ ಸ್ಪೀಡಲ್ಲಿ ಓಡ್ತಾ ಒಂದು ನಿಮಿಷ ಬಲಗಾಲು ಎಷ್ಟು ಸಲ ನೆಲಕ್ಕೆ ಬೀಳುತ್ತೆ ಎಣಿಸಿ, ಎರಡರಿಂದ ಗುಣಿಸಿ. 156 ಬಂತು ಅಂದ್ಕೊಳ್ಳಿ, ಅದನ್ನ 164ಕ್ಕೆ ತನ್ನಿ, ಸ್ಪೀಡ್ ಮಾತ್ರ ಅಷ್ಟೇ ಇರ್ಲಿ. ಹೆಜ್ಜೆ ತಾನಾಗೇ ಚಿಕ್ಕದಾಗಿ ಪಾದ ಮೈ ಕೆಳಗೇ ಬೀಳುತ್ತೆ. ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನೋ ಈ ಲೆಕ್ಕ) ಶೇ. 5ರಿಂದ 10 ಏರಿಸಿದ್ರೆ ಮಂಡಿ ಮೇಲಿನ ಹೊರೆ ಇಳಿಯುತ್ತೆ ಅಂತ 2011ರಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಅಳೆದು ತೋರಿಸಿದಾರೆ. ಫೋನಲ್ಲಿ ತಾಳ ಹಾಕೋ ಮೆಟ್ರೋನೋಮ್ ಆ್ಯಪ್ ಹಾಕ್ಕೊಂಡು ಟಿಕ್‌ಟಿಕ್‌ಗೆ ಸರಿಯಾಗಿ ಕಾಲು ಹಾಕಿ. ಮೊದಮೊದಲು ಉಸಿರು ಜಾಸ್ತಿ ಆಗುತ್ತೆ, ಓಟ ಕುಣಿತದ ಹಾಗನ್ಸುತ್ತೆ, ಬಿಡ್ಬೇಡಿ. ಇಡೀ ಓಟ ಬೇಡ, ಎರಡು ನಿಮಿಷ ಟಿಕ್‌ಟಿಕ್, ಮೂರು ನಿಮಿಷ ಮಾಮೂಲಿ, ಹೀಗೇ ಶುರು ಮಾಡಿ.

ಹೀಗೆ ಓಡಿದ್ರೆ ಮೀನಖಂಡ ಹಿಡ್ಕೊಳ್ಳುತ್ತೆ, ಅದಕ್ಕೆ ಕಾಫ್ ರೈಸ್ (ಹಿಮ್ಮಡಿ ಎತ್ತಿ ಇಳಿಸೋ ವ್ಯಾಯಾಮ) ಮಾಡ್ಲೇಬೇಕು. ಹಿಮ್ಮಡಿ ಹಿಂದಿನ ದಪ್ಪ ಸ್ನಾಯುರಜ್ಜುವಲ್ಲಿ (ಅಕಿಲಿಸ್ ಟೆಂಡನ್) ಮೊದಲೇ ನೋವಿದ್ರೆ ಕೇಡೆನ್ಸ್ ತಂಟೆಗೆ ಹೋಗ್ಬೇಡಿ. ಇನ್ನು ಗುಂಪಲ್ಲಿ ಎಲ್ರಿಗೂ ಕೇಡೆನ್ಸ್ 180 ಇರ್ಲೇಬೇಕು ಅಂತ ಹೇಳೋರು ದಯವಿಟ್ಟು ನಿಲ್ಲಿಸಿ. ಅದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಟದ ಕೋಚ್ ಜ್ಯಾಕ್ ಡೇನಿಯಲ್ಸ್ ಅಲ್ಲಿನ ಘಟಾನುಘಟಿ ಓಟಗಾರರನ್ನ ನೋಡಿ ಎಣಿಸಿದ ಲೆಕ್ಕ. ಕಿಲೋಮೀಟರಿಗೆ ಏಳೂವರೆ ನಿಮಿಷ ತಗೊಳ್ಳೋ ಆರಡಿ ಮನುಷ್ಯನಿಗೆ ಅದು ಯಾಕೆ?

ಜೊತೆಗೆ ಸ್ಟೆಪ್ ಡೌನ್. ಮನೆ ಮೆಟ್ಟಿಲ ಅಂಚಲ್ಲಿ ಒಂಟಿಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ಮುಟ್ಟೋ ತನಕ ನಿಧಾನಕ್ಕೆ ಇಳೀಬೇಕು, ನಾಲ್ಕು ಎಣಿಸ್ತಾ. ಮಂಡಿ ಒಳಗಡೆ ವಾಲಬಾರ್ದು, ಕನ್ನಡಿ ಮುಂದೆ ಮಾಡಿ ನೋಡಿ. ನೋವು ಹತ್ತಕ್ಕೆ ಮೂರರೊಳಗೆ ಇದ್ದು ಮಾರನೇ ಬೆಳಗ್ಗೆ ಇಳಿದಿದ್ರೆ ಸರಿ, ಇಲ್ದಿದ್ರೆ ಪುಟ್ಟ ಮಣೆ ಮೇಲೆ ನಿಂತು ಮಾಡಿ. ಪೂರ್ತಿ ರೆಸ್ಟ್ ಬೇಡ. ತೊಡೆ ಸೋತ್ರೆ ವಾಪಸ್ ಓಡಿದ ದಿನವೇ ಅದೇ ನೋವು ಬರುತ್ತೆ. ಇಳಿಜಾರು ಮಾತ್ರ ಸದ್ಯ ಬೇಡ, ಲಾಂಗ್ ರನ್ನನ್ನೂ ಹಿಂದಿನ ಒಂದು ತಿಂಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ರ ಮೇಲೆ ಏರಿಸ್ಬೇಡಿ.

ಶೂ ವಿಷಯ. ದಪ್ಪ ಕುಶನ್ ಇರೋ ಆಸಿಕ್ಸ್ ನಿಂಬಸ್ ತಗೊಂಡಿದೀರಿ, ಒಳ್ಳೇ ಶೂನೇ, ಆದ್ರೆ ಈ ನೋವಿಗೆ ಅದು ಔಷಧಿ ಅಲ್ಲ. ನನ್ನ ಕೇಳಿದ್ರೆ ನೈಕಿ ಪೆಗಾಸಸ್ ಸಾಕು, ಶುರು ಮಾಡೋರಿಗೆ ಡೆಕಾಥ್ಲಾನ್ ಶೂನೂ ಸಾಕು, ಕಾಲಿಗೆ ಹಿತವಾಗಿದ್ರೆ ಆಯ್ತು. ಹೊಸ ಶೂ, ಹೊಸ ಕೇಡೆನ್ಸ್ ಎರಡನ್ನೂ ಒಂದೇ ವಾರ ಶುರು ಮಾಡ್ಬೇಡಿ, ಯಾವುದರಿಂದ ಏನಾಯ್ತು ಗೊತ್ತಾಗಲ್ಲ. ವೊಲಿನಿ ನೋವಿನ ಮುಲಾಮು ಹಚ್ಚಿ ಹಾಯಾಗನ್ಸಿದ್ರೆ ಹಚ್ಕೊಳ್ಳಿ. ಕೀಲಿಗೆ ಒಳ್ಳೇದು ಅಂತ ಮಾರೋ ಗ್ಲೂಕೋಸಮೀನ್ ಡಬ್ಬಿಗೆ ದುಡ್ಡು ಸುರೀಬೇಡಿ, 2006ರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಅದು ಬರೀ ಸಕ್ಕರೆ ಗುಳಿಗೆಗಿಂತ ಮೇಲಾಗ್ಲಿಲ್ಲ.

ನೋವು ಮಂಡಿಯ ಹೊರಪಕ್ಕದಲ್ಲಿದ್ದು, ಪ್ರತಿಸಲ ಹೆಚ್ಚುಕಮ್ಮಿ ಅಷ್ಟೇ ದೂರ ಹೋದಮೇಲೆ ಶುರುವಾಗೋದಾದ್ರೆ ಅದು ಐಟಿ ಬ್ಯಾಂಡ್ (ಸೊಂಟದಿಂದ ಮಂಡಿ ತನಕ ತೊಡೆಯ ಹೊರಪಕ್ಕ ಇರೋ ಪಟ್ಟಿ) ನೋವು. ಆಗ ಸೊಂಟದ ಪಕ್ಕದ ಸ್ನಾಯುವಿಗೆ ವ್ಯಾಯಾಮ ಬೇಕು, ಯಾವಾಗ್ಲೂ ರಸ್ತೆಯ ಒಂದೇ ಪಕ್ಕ ಇಳಿಜಾರಿನ ಅಂಚಲ್ಲಿ ಓಡೋದೂ ಬಿಡಿ.

ಮಂಡಿ ಊದಿದ್ರೆ, ಮಡಚಿದಾಗ ಸಿಕ್ಕಿಹಾಕ್ಕೊಂಡ್ರೆ, ನಡೀವಾಗ ಕುಸಿದ್ರೆ ಅಥವಾ ರಾತ್ರಿ ನೋವಿಗೆ ಎಚ್ಚರ ಆಗ್ತಿದ್ರೆ ಇದ್ಯಾವುದೂ ಮಾಡ್ಬೇಡಿ, ನೇರ ಮೂಳೆ ಡಾಕ್ಟರ ಹತ್ರ ಹೋಗಿ. ಕುಕ್ಕರಗಾಲಲ್ಲಿ ಕೂತು ಏಳೋಕಾಗುತ್ತಾ, ಊತ ಇದೆಯಾ ನೋಡಿ ಇಲ್ಲೇ ಬರೀರಿ. ಎಣಿಸಿದ ಕೇಡೆನ್ಸೂ ಹಾಕಿ.