ಫೈಟೇಸ್ ಹಾಕಿದರೂ ಹಂದಿ ಕುಂಟುತ್ತಿದ್ದರೆ ಮೊದಲು ಸುಣ್ಣಕಲ್ಲು ಪುಡಿ ನೋಡಿ

ಅಣ್ಣಾ, ನಿಮ್ಮ ಒಂದು ಟನ್ ಹಂದಿ ಫೀಡಿನ ಲೆಕ್ಕ ನೋಡಿದೆ. ಮೆಕ್ಕೆಜೋಳ 720 ಕೆಜಿ, ಸೋಯಾ ಹಿಂಡಿ 250, ಫೈಟೇಸ್ (ಕಾಳಿನಲ್ಲಿ ಸಿಕ್ಕಿಕೊಂಡ ಫಾಸ್ಫರಸ್ ಬಿಡಿಸೋ ಎಂಜೈಮ್) 100 ಗ್ರಾಂ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಸೊನ್ನೆ, ಸುಣ್ಣಕಲ್ಲು ಪುಡಿ 16 ಕೆಜಿ. 40 ಕೆಜಿ ಹಂದಿಗಳು ಕುಂಟುತ್ತಿವೆ, ಫೈಟೇಸ್ ಡೂಪ್ಲಿಕೇಟ್ ಅಂತ ಬೈಯ್ತಿದ್ದೀರಿ. ಎಂಜೈಮ್ ಮೇಲೆ ಯಾಕೆ ಕೋಪ? ಕೆಲಸ ಕೆಡಿಸಿದ್ದು ಆ 16 ಕೆಜಿ. ನಾನೂ ಹಿಂದೆ ಇದೇ ಗುಂಡಿಗೆ ಬಿದ್ದವನೇ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಡಿಸಿಪಿ ತೆಗೆದಾಗ ಅದರ ಕ್ಯಾಲ್ಸಿಯಂ ಕೂಡ ಹೋಯಿತು, ಪುಡಿಯಲ್ಲಿ ತುಂಬೋಣ ಅಂತ ಎಲ್ಲರಿಗೂ ಅನಿಸುತ್ತೆ. ಈಗ ನಿಮ್ಮ ಫೀಡಿನಲ್ಲಿ ಕ್ಯಾಲ್ಸಿಯಂ ಸುಮಾರು 0.70%, ಒಟ್ಟು ಫಾಸ್ಫರಸ್ 0.35%. ಒಂದಕ್ಕೆ ಎರಡು! ಹೆಚ್ಚಾದ ಕ್ಯಾಲ್ಸಿಯಂ ಫೈಟೇಟನ್ನು (ಕಾಳಿನಲ್ಲಿ ಫಾಸ್ಫರಸ್ ಅಡಗಿರೋ ರೂಪ) ಹಿಡಿದು ಕರಗದ ಗಂಟು ಮಾಡುತ್ತೆ, ಫೈಟೇಸಿಗೆ ಅದು ಸಿಗೋದೇ ಇಲ್ಲ, ಫಾಸ್ಫರಸ್ ಸಾಲದೆ ಮೂಳೆ ಸೊರಗಿ ಹಂದಿ ಕುಂಟುತ್ತೆ. ಜೊತೆಗೆ ಸುಣ್ಣಕಲ್ಲು ಹೊಟ್ಟೆಯ ಹುಳಿಯನ್ನೂ ಇಳಿಸುತ್ತೆ. ಫೈಟೇಸ್ ಹೆಚ್ಚಿನ ಕೆಲಸ ಮಾಡೋದೇ ಆ ಹುಳಿಯಲ್ಲಿ. ಕ್ಯಾಲ್ಸಿಯಂ ಅನ್ನು ಒಟ್ಟು ಫಾಸ್ಫರಸ್‌ನ 1.25 ಪಟ್ಟು ದಾಟಿಸಬೇಡಿ. ಫೈಟೇಟ್ ಒಡೆದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಕ್ಯಾಲ್ಸಿಯಮ್ಮೂ ಸ್ವಲ್ಪ ಬಿಡುಗಡೆಯಾಗುತ್ತೆ, ಹಾಗಾಗಿ ತೆಗೆದಷ್ಟನ್ನೂ ತುಂಬೋ ಅಗತ್ಯವೇ ಇಲ್ಲ.

ಇನ್ನು ಡಿಸಿಪಿ ಸೊನ್ನೆ ಮಾಡಿದ್ದು ಎರಡನೇ ಎಡವಟ್ಟು. ಮೆಕ್ಕೆಜೋಳ, ಸೋಯಾದಿಂದ ಜೀರ್ಣವಾಗೋ ಫಾಸ್ಫರಸ್ 0.14% ಆಸುಪಾಸು. ಕೆಜಿ ಫೀಡಿಗೆ 500 ಎಫ್‌ಟಿಯು (ಫೈಟೇಸ್ ಶಕ್ತಿ ಅಳೆಯೋ ಮಾನ) ಫೈಟೇಸ್ ಚೆನ್ನಾಗಿ ಕೆಲಸ ಮಾಡಿದರೆ ಇನ್ನೊಂದು 0.12%. ಸೇರಿ 0.26. 25ರಿಂದ 50 ಕೆಜಿ ಹಂದಿಗೆ ಬೇಕಾದದ್ದು 0.31. ಉಳಿದ 0.05ಕ್ಕೆ ಟನ್ನಿಗೆ 3.5ರಿಂದ 4 ಕೆಜಿ ಡಿಸಿಪಿ ಬೇಕೇ ಬೇಕು. ಫೈಟೇಸ್ ಇಲ್ಲದಿದ್ದರೆ 12 ಕೆಜಿ ಆಗ್ತಿತ್ತು, ಅಂದರೆ ಉಳಿತಾಯ 8 ಕೆಜಿ, ಅಷ್ಟಕ್ಕೆ ಸಮಾಧಾನ ಮಾಡ್ಕೊಳ್ಳಿ. 4 ಕೆಜಿ ಡಿಸಿಪಿ ಹಾಕಿದರೆ ಸುಣ್ಣಕಲ್ಲು ಪುಡಿ 9 ಕೆಜಿ ಸಾಕು. 75 ಕೆಜಿ ದಾಟಿದ ಫಿನಿಷರ್‌ಗೆ (ಮಾರೋ ಮುಂಚಿನ ಕೊನೆ ಹಂತದ ಹಂದಿ) ಡಿಸಿಪಿ ಪೂರ್ತಿ ತೆಗೆಯಬಹುದು. ಹಾಲೂಡಿಸೋ ತಾಯಿ ಹಂದಿಯ ಫೀಡಲ್ಲಿ ಮಾತ್ರ ಆ ಧೈರ್ಯ ಬೇಡ, ಹಿಂಗಾಲು ಬಿದ್ದು ಏಳದೆ ಮಲಗಿಬಿಡುತ್ತವೆ.

100 ಗ್ರಾಂ ಸರಿಯೋ ತಪ್ಪೋ ಅನ್ನೋದು ಚೀಲದ ಮೇಲಿದೆ. ಗ್ರಾಮಿಗೆ 5,000 ಎಫ್‌ಟಿಯು ಇದ್ದರೆ 100 ಗ್ರಾಂ, 10,000 ಇದ್ದರೆ 50. ಬ್ರಾಂಡುಗಳಲ್ಲಿ ನ್ಯಾಚುಫಾಸ್ ಎಫ್‌ಟಿಯು ಅಂತ ಬರೆದರೆ ರೊನೊಜೈಮ್ ಹೈಫಾಸ್ ಎಫ್‌ವೈಟಿ ಅನ್ನುತ್ತೆ, ಆಪ್ಟಿಫಾಸ್ ಒಟಿಯು. ಅಳೆಯೋ ವಿಧಾನವೇ ಬೇರೆ, ಹಾಗಾಗಿ ಅಂಕಿಗೆ ಅಂಕಿ ಹೋಲಿಸಬೇಡಿ, ಆಯಾ ಕಂಪನಿಯ ಮ್ಯಾಟ್ರಿಕ್ಸ್ (ಎಷ್ಟು ಡೋಸಿಗೆ ಎಷ್ಟು ಫಾಸ್ಫರಸ್ ಸಿಗುತ್ತೆ ಅನ್ನೋ ಪಟ್ಟಿ) ನೋಡಿ. ನನ್ನ ಓಟು ಈ.ಕೋಲಿ ಬ್ಯಾಕ್ಟೀರಿಯಾ ಮೂಲದ ಫೈಟೇಸಿಗೆ. ಹಳೆಯ ಆಸ್ಪರ್ಜಿಲಸ್ (ಒಂದು ಬೂಷ್ಟು) ಮಾಲಿಗಿಂತ ಹೊಟ್ಟೆಯ ಪೆಪ್ಸಿನ್ (ಪ್ರೋಟೀನ್ ಜೀರ್ಣಿಸೋ ಎಂಜೈಮ್) ಏಟನ್ನು ಅದು ಚೆನ್ನಾಗಿ ತಡೆಯುತ್ತೆ. ಡೋಸ್ ದುಪ್ಪಟ್ಟು ಮಾಡಿದರೆ ಫಾಸ್ಫರಸ್ ದುಪ್ಪಟ್ಟಾಗಲ್ಲ, ಹೆಚ್ಚುವರಿ ಲಾಭ ಇಳೀತಾ ಹೋಗುತ್ತೆ. ಮ್ಯಾಶ್ (ಪುಡಿ ಫೀಡ್) ಹಾಕೋರು ಕೋಟಿಂಗ್ ಇರೋ ಫೈಟೇಸಿಗೆ ಹೆಚ್ಚು ದುಡ್ಡು ಸುರಿಯೋದು ದಂಡ. ಪೆಲೆಟ್ (ಬಿಸಿ ಮಾಡಿ ಒತ್ತಿದ ಗುಳಿಗೆ ಫೀಡ್) ಹೊಡೆಸೋರಿಗೆ ಮಾತ್ರ ಅದು ಬೇಕು, ಇಲ್ಲಾಂದ್ರೆ 80 ಡಿಗ್ರಿ ದಾಟಿದ ಮೇಲೆ ಎಂಜೈಮ್ ಸಾಯ್ತಾ ಬರುತ್ತೆ. ಬೇಯಿಸಿದ ಬಿಸಿ ಫೀಡಿಗೆ ಸುರಿಯೋ ಮಹಾನುಭಾವರೂ ಇದ್ದಾರೆ! ಕೈ ಇಟ್ಟರೆ ಬೆಚ್ಚಗೆ ಅನಿಸುವಷ್ಟು ಆರಿದ ಮೇಲೆ ಹಾಕಿ.

ಮಿಕ್ಸರ್‌ಗೆ ನೇರ 100 ಗ್ರಾಂ ಹಾಕಬೇಡಿ. ಮೊದಲು 2 ಕೆಜಿ ನುಣ್ಣಗಿನ ಮೆಕ್ಕೆಜೋಳದ ಹಿಟ್ಟಲ್ಲಿ ಕಲಸಿ, ಅದನ್ನು 20 ಕೆಜಿಯಲ್ಲಿ, ಆಮೇಲೆ ಟನ್ನಿಗೆ. ಖನಿಜ ಪ್ರಿಮಿಕ್ಸ್, ಕೋಲಿನ್ ಕ್ಲೋರೈಡ್ ಜೊತೆ ಮುಂಚೆಯೇ ಬೆರೆಸಿ ವಾರಗಟ್ಟಲೆ ಇಡಬೇಡಿ, ತಾಮ್ರ ಮತ್ತು ತೇವ ಸೇರಿ ಎಂಜೈಮ್ ಶಕ್ತಿ ಕುಂದಿಸುತ್ತವೆ. ಹಾಲು ಬಿಟ್ಟ ಮರಿಗಳಿಗೆ ಭೇದಿಗೆ ಅಂತ ಜಿಂಕ್ ಆಕ್ಸೈಡ್ 2,500 ಪಿಪಿಎಂ ಹಾಕ್ತಿದ್ದರೆ ಅದೂ ಫೈಟೇಟ್ ಹಿಡಿಯುತ್ತೆ, ಅಲ್ಲಿ ಮ್ಯಾಟ್ರಿಕ್ಸ್ ಅಂಕಿ ಪೂರ್ತಿ ನಂಬಬೇಡಿ.

ಗೋಧಿ ಬೂಸಾ ಸೇರಿಸಿದರೆ ಒಳ್ಳೆಯದೇ, ಅದರಲ್ಲೇ ಸ್ವಲ್ಪ ಫೈಟೇಸ್ ಇರುತ್ತೆ, ನೀರಲ್ಲಿ ನೆನೆಸಿ ಕೊಟ್ಟರೆ ಇನ್ನೂ ವಾಸಿ. ಆದರೆ ಬೂಸಾ ಪೆಲೆಟ್ ಆಗಿ ಬಂದಿದ್ದರೆ ಬಿಸಿ ಅದನ್ನು ಮುಗಿಸಿರುತ್ತೆ, ಲೆಕ್ಕಕ್ಕೆ ಹಿಡೀಬೇಡಿ.

ಇನ್ನೊಂದು ಮಾತು, ಒಂದೇ ಕಾಲಿನ ಗಂಟು ಊದಿ ಬಿಸಿಯಾಗಿದ್ದು ಜ್ವರ ಇದ್ದರೆ ಅದು ಫೀಡಿನದ್ದಲ್ಲ, ಕೀಲು ಸೋಂಕು. ಆ ಹಂದಿಯನ್ನು ಬೇರೆ ಮಾಡಿ ಡಾಕ್ಟರಿಗೆ ತೋರಿಸಿ, ಡಿಸಿಪಿ ತಿನ್ನಿಸ್ತಾ ಕಾಯಬೇಡಿ.